ಮಾರೋಕೆ ಅಲ್ಲ, ಕೊಡೋಕೆ ಬೆಳೆಯೋ ಹೊಲ

“ಕೂಲಿ ಕೊಡಲ್ಲ, ಬೆಳೆದಿದ್ದನ್ನ ಮಾರೋದೂ ಇಲ್ಲ. ಮತ್ತೆ ಅದೆಂಥ ಹೊಲಾನ್ಲಾ ಅದು?”

ನಮ್ಮವ್ವ ಹೀಗೆ ಕೇಳಿದಾಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಅದು 2022ರ ಜೂನ್ ತಿಂಗಳ ಒಂದು ಶನಿವಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಅನ್ನೋ ಊರಲ್ಲಿ, ಲೆಟ್ಯೂಸ್ ಮಡಿಗಳ ಮಧ್ಯೆ ನಿಂತು ವಿಡಿಯೊ ಕಾಲ್ ಮಾಡಿದ್ದೆ. ನನಗೆ ಬೆಳಗ್ಗೆ ಹತ್ತು ಗಂಟೆ, ನಾಗಮಂಗಲದ ಹತ್ತಿರದ ನಮ್ಮೂರಲ್ಲಿ ರಾತ್ರಿ ಏಳೂವರೆ. ಅವ್ವ ಮುದ್ದೆಗೆ ಎಸರಿಟ್ಟು ಫೋನ್ ಹಿಡಿದಿದ್ದಳು. ಹಿಂದೆ ಅಪ್ಪ ಟಿವಿ ನೋಡ್ತಾ ಕೂತಿದ್ದ, ಆದ್ರೆ ಕಿವಿ ಪೂರ್ತಿ ಈ ಕಡೆಗೇ ಇತ್ತು.

“ಬಡವ್ರಿಗೆ ಕೊಡ್ತಾರವ್ವ. ಪುಕ್ಕಟೆ” ಅಂದೆ.

“ಅಮೆರಿಕದಲ್ಲಿ ಬಡವ್ರಾ?” ಅಂತ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಈ ಗೇಯ್ಮೆಯಿಂದ ಬಿಡಿಸೋಕೆ ತಾನೆ ಎರಡು ಹಸ ಮಾರಿ ಓದ್ಸಿದ್ದು. ಅಷ್ಟು ದೂರ ಹೋಗಿ ಅಲ್ಲೂ ಕಳೆ ಕೀಳ್ತಾ ಕೂತವ್ನೆ ನೋಡು” ಅಂದಳು. ಅದು ಅಪ್ಪನಿಗೆ ಹೇಳಿದ್ದು.

ಅವಳು ಹೇಳಿದ್ದು ಸುಳ್ಳೇನಲ್ಲ. ನಮ್ಮದು ಮಳೆ ನಂಬಿದ ಹೊಲ. ರಾಗಿ, ಹುರುಳಿ, ಅವರೆ, ನಾಲ್ಕು ತೆಂಗಿನ ಮರ. ಮೈಸೂರಲ್ಲಿ ಬಿಇ ಮುಗಿಸಿ, ಬೆಂಗಳೂರಲ್ಲಿ ಎರಡು ವರ್ಷ ಕೆಲಸ ಮಾಡಿ, ಸಾಲ ಮಾಡಿ ಇಲ್ಲಿಗೆ ಎಂಎಸ್ ಓದೋಕೆ ಬಂದವನು ನಾನು. ಆ ಸಾಲಕ್ಕೆ ಅಡ ಇಟ್ಟಿದ್ದು ಅದೇ ಹೊಲದ ಪತ್ರ. ಹೊಲದಿಂದ ದೂರ ಓಡೋದು ನಮ್ಮ ಮನೆಯ ಮೂವತ್ತು ವರ್ಷದ ಪ್ರಾಜೆಕ್ಟ್ ಆಗಿತ್ತು ಅಂತಲೇ ಹೇಳಬಹುದು.

ಹಾಗಾದ್ರೆ ಅಲ್ಲಿಗೆ ಯಾಕೆ ಹೋದೆ? ಸಮಾಜಸೇವೆಯ ಹುಚ್ಚೇನೂ ಇರಲಿಲ್ಲ. ನಮ್ಮ ಆಫೀಸಲ್ಲಿ ವರ್ಷಕ್ಕೊಂದು ದಿನ ‘ವಾಲಂಟಿಯರ್ ಡೇ’ ಅಂತ ಮಾಡ್ತಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಮಧ್ಯಾಹ್ನ ಪಿಜ್ಜಾ, ಗ್ರೂಪ್ ಫೋಟೊ, ಸಂಜೆ ಲಿಂಕ್ಡ್‌ಇನ್ ಪೋಸ್ಟ್. ಆ ವರ್ಷ ನಮ್ಮ ಟೀಮಿಗೆ ಬಂದಿದ್ದು ಈ ಹೊಲ. ಫೋಟೊ ನಾನೂ ಹಾಕಿದ್ದೆ, ಮೂನ್ನೂರು ಚಿಲ್ಲರೆ ಲೈಕ್ ಬಂದಿತ್ತು.

ಹೊಲದ ಹೆಸರು ಗೇನಿಂಗ್ ಗ್ರೌಂಡ್. ಬಾಸ್ಟನ್‌ನಿಂದ ಸುಮಾರು 30 ಕಿಲೊಮೀಟರ್. 1994ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ ಇದು. ಬೇಸಾಯ ನಡೆಯೋದು ಸುಮಾರು ಮೂರು ಎಕರೆಯಲ್ಲಿ. ಬೆಳೆದ ತರಕಾರಿಯನ್ನೆಲ್ಲ ಸುತ್ತಮುತ್ತಲಿನ ಫುಡ್ ಪ್ಯಾಂಟ್ರಿಗಳಿಗೆ ಮತ್ತು ಊಟ ಹಾಕೋ ಸಂಸ್ಥೆಗಳಿಗೆ ಪುಕ್ಕಟೆ ಕೊಡ್ತಾರೆ. ಸಂಬಳಕ್ಕೆ ಇರೋರು ಕೆಲವೇ ಜನ. ಉಳಿದ ಕೆಲಸಕ್ಕೆ ಶಾಲೆ ಮಕ್ಕಳಿಂದ ಹಿಡಿದು ರಿಟೈರ್ ಆದವರ ತನಕ ಯಾರು ಬೇಕಾದರೂ ಬರಬಹುದು. ಪಕ್ಕದಲ್ಲೇ ಒಂದು ಹಳೇ ಮನೆ ಇದೆ. ಗಾಂಧೀಜಿ ಮೆಚ್ಚಿ ಓದಿದ ಹೆನ್ರಿ ಡೇವಿಡ್ ಥೋರೊ 1817ರಲ್ಲಿ ಹುಟ್ಟಿದ್ದು ಆ ಮನೆಯಲ್ಲಿ. ಆತ 1845ರಿಂದ ಎರಡು ವರ್ಷ ವಾಲ್ಡನ್ ಕೊಳದ ದಡದಲ್ಲಿ ಗುಡಿಸಲು ಕಟ್ಟಿಕೊಂಡು, ಎರಡೂವರೆ ಎಕರೆಯಲ್ಲಿ ಬೀನ್ಸ್ ಬೆಳೆದು, ಖರ್ಚು ಆದಾಯದ ಲೆಕ್ಕ ಪೈಸೆ ಪೈಸೆ ಬರೆದಿಟ್ಟ. ಆ ಕೊಳವೂ ಇದೇ ಊರಲ್ಲಿದೆ. ಪ್ರವಾಸಿಗಳು ಅದನ್ನ ನೋಡೋಕೆ ಬರ್ತಾರೆ. ಹೊಲಕ್ಕೆ ಬರೋರು ಕಡಿಮೆ. ಹತ್ತಿರದಲ್ಲೇ ಏರ್‌ಫೀಲ್ಡ್ ಇರೋದರಿಂದ ತಲೆ ಮೇಲೆ ಸಣ್ಣ ವಿಮಾನಗಳು ಹಾರ್ತಾನೇ ಇರ್ತವೆ.

ಮೊದಲ ದಿನ ನನ್ನ ಮಾನ ಹೋಯ್ತು. “ನಾನು ರೈತನ ಮಗ” ಅಂತ ಟೀಮಿಗೆಲ್ಲ ಜಂಬ ಕೊಚ್ಚಿಕೊಂಡು ಕ್ಯಾರೆಟ್ ಮಡಿಯಲ್ಲಿ ಕಳೆ ಕೀಳೋಕೆ ಕೂತೆ. ಹತ್ತು ನಿಮಿಷ ಆದ ಮೇಲೆ ಪಕ್ಕದ ಸಾಲಲ್ಲಿದ್ದ ಹತ್ತು ಹನ್ನೊಂದು ವರ್ಷದ ಹುಡುಗಿ ನನ್ನ ಬಕೆಟ್ ನೋಡಿ, ತುಂಬ ವಿನಯದಿಂದ, “ಅವು ಕ್ಯಾರೆಟ್” ಅಂದಳು. ನಮ್ಮ ಕಡೆ ಕ್ಯಾರೆಟ್ ಬೆಳೆಯಲ್ಲ ಅಂತ ವಿವರಣೆ ಕೊಡೋಕೆ ಹೋದೆ. ಟೀಮಿನವರು ನಗ್ತಿದ್ದರು.

ಇನ್ನೊಂದು ಮಾತು. ಇಲ್ಲಿ ಉಳೋದೇ ಇಲ್ಲ. ಟ್ರ್ಯಾಕ್ಟರ್ ಹೊಡೆದು ಮಣ್ಣು ತಿರುವಿ ಹಾಕಲ್ಲ, ಮೇಲಿಂದ ಮೇಲೆ ಕಾಂಪೋಸ್ಟ್ ಹಾಕ್ತಾ ಹೋಗ್ತಾರೆ. ಬೆಳೆ ಮುಗಿದ ಮೇಲೆ ಗಿಡವನ್ನ ಬುಡಕ್ಕೆ ಕತ್ತರಿಸಿ ಬೇರನ್ನ ಮಣ್ಣಲ್ಲೇ ಬಿಡ್ತಾರೆ. ಎರೆಹುಳ, ಶಿಲೀಂಧ್ರ ಎಲ್ಲ ಸೇರಿ ಉಳುಮೆ ಮಾಡಲಿ ಅನ್ನೋ ಲೆಕ್ಕ. ದೊಡ್ಡಬಳ್ಳಾಪುರದ ನಾರಾಯಣ ರೆಡ್ಡಿಯವರು ವರ್ಷಗಟ್ಟಲೆ ಹೇಳ್ತಾ ಬಂದ ಮಾತಿಗೆ ಇದು ಹತ್ತಿರ. ಅಪ್ಪನಿಗೆ ಹೇಳಿದ್ದಕ್ಕೆ, “ಮೂರು ಎಕರೆಗೆ ಮೂನ್ನೂರು ಜನ ಪುಕ್ಕಟೆ ಗೇಯೋಕೆ ಬಂದ್ರೆ ನಾನೂ ಉಳಲ್ಲ” ಅಂದ. ಅದಕ್ಕೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ.

ಕಳೆ ಅಂದ್ಕೊಂಡಿದ್ದು

ವಾಲಂಟಿಯರ್ ಡೇ ಮುಗಿದ ಮೇಲೂ ಮತ್ತೆ ಹೋಗೋ ಹಾಗೆ ಮಾಡಿದ್ದು ಒಂದು ಸೊಪ್ಪು.

ಬೀಟ್‌ರೂಟ್ ಸಾಲಿನ ಮಧ್ಯೆ ನೆಲಕ್ಕೆ ಅಂಟಿಕೊಂಡು ಹರಡಿದ್ದ ಒಂದು ಕಳೆ. ಕೆಂಪು ಕಾಂಡ, ದಪ್ಪ ಪುಟ್ಟ ಎಲೆ. ಕಿತ್ತು ಬಕೆಟ್ಟಿಗೆ ಎಸೀತಾ ಇದ್ದವನು ಒಂದು ಕ್ಷಣ ನಿಂತೆ. ಬೆರಳಲ್ಲಿ ಹಿಸುಕಿದೆ. ಗೋಣಿ ಸೊಪ್ಪು! ಪಕ್ಕದಲ್ಲೇ ಎಲೆಯ ಮೇಲೆ ಬಿಳೀ ಹಿಟ್ಟು ಉದುರಿಸಿದ ಹಾಗಿರೋ ಚಕ್ಕೋತ ಸೊಪ್ಪು. ಬೇಲಿ ಬದಿಯಲ್ಲಿ ದಂಟಿನ ಜಾತಿಯದೇ ಒರಟು ಸೊಪ್ಪು ಮೊಳಕಾಲೆತ್ತರ ಬೆಳೆದಿತ್ತು. ಇಲ್ಲಿನವರಿಗೆ ಇವು ಮೂರೂ ಶತ್ರುಗಳು. ನಮ್ಮ ಮನೆಯಲ್ಲಾದ್ರೆ ಮೂರೂ ಸೇರಿ ಒಂದು ಒಳ್ಳೇ ಬಸ್ಸಾರು.

ಕಿತ್ತ ಕಳೆಯನ್ನ ಮನೆಗೆ ಒಯ್ಯಲಾ ಅಂತ ಕೇಳಿದೆ. ಅಲ್ಲಿನ ಮೇಲ್ವಿಚಾರಕಿ ನಗ್ತಾ ಒಂದು ಚೀಲವನ್ನೇ ಕೊಟ್ಟಳು.

ಆ ರಾತ್ರಿ ಅವ್ವನ್ನ ಫೋನಲ್ಲಿ ಇಟ್ಟುಕೊಂಡೇ ಅಡುಗೆ ಮಾಡಿದೆ. ತೊಗರಿಬೇಳೆ ಅರ್ಧ ಬೆಂದ ಮೇಲೆ ಸೊಪ್ಪು ಹಾಕಿ, ಬೇಯಿಸಿ, ಕಟ್ಟು ಬಸಿಯೋದು. ಈರುಳ್ಳಿ, ಬೆಳ್ಳುಳ್ಳಿ ಹುರಿದು, ಕಾಯಿ, ಮೆಣಸು, ಜೀರಿಗೆ, ಖಾರದ ಪುಡಿ, ಚೂರು ಹುಣಸೆಹಣ್ಣು, ಒಂದು ಹಿಡಿ ಬೆಂದ ಸೊಪ್ಪು ಬೇಳೆ ಹಾಕಿ ರುಬ್ಬಿ, ಆ ಕಟ್ಟಿಗೆ ಬೆರೆಸಿ ಕುದಿಸೋದು. ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇಂಡಿಯನ್ ಸ್ಟೋರಿನ ರಾಗಿ ಹಿಟ್ಟು ಮುದ್ದೆ ಆಯ್ತು, ಸ್ವಲ್ಪ ಗಂಟಾದ್ರೂ. ಗುಜರಾತಿ ರೂಮ್‌ಮೇಟ್ ಮೂರು ಸಲ ಹಾಕಿಸಿಕೊಂಡ. (ನೀವೂ ಹೀಗೆ ಸೊಪ್ಪು ಹುಡುಕೋಕೆ ಹೊರಟರೆ ಒಂದು ಎಚ್ಚರ: ಗೋಣಿ ಸೊಪ್ಪಿನ ಥರಾನೇ ಕಾಣೋ ಇನ್ನೊಂದು ಕಳೆ ಇದೆ, ಅದು ವಿಷ. ಕಾಂಡ ಮುರಿದಾಗ ಹಾಲು ಬಂದರೆ ಮುಟ್ಟಬೇಡಿ.)

ಊಟ ಮಾಡ್ತಾ ನಮ್ಮಜ್ಜಿ ನೆನಪಾದಳು. ಮಳೆ ಕೈಕೊಟ್ಟ ವರ್ಷ ಅಜ್ಜಿ ಮಡಿಲು ಕಟ್ಟಿಕೊಂಡು ಹೊಲ ಹೊಲ ಸುತ್ತಿ ಬೆರಕೆ ಸೊಪ್ಪು ಕೊಯ್ದು ತರ್ತಿದ್ದಳು. ಯಾರ ಹೊಲ ಅಂತ ನೋಡ್ತಿರಲಿಲ್ಲ. ಬದುವಿನ ಸೊಪ್ಪಿಗೆ ಯಜಮಾನ ಇಲ್ಲ, ಅದು ಊರಿನ ಅಲಿಖಿತ ನಿಯಮ. ಕಾಳು ಕಿತ್ತರೆ ಜಗಳ, ಸೊಪ್ಪು ಕಿತ್ತರೆ “ನಾಳೆನೂ ಬಾ ಅಕ್ಕಾ, ಆ ಕಡೆ ಬೇಜಾನ್ ಐತೆ” ಅಂತಿದ್ದರು. ಇಲ್ಲದವರ ಮನೆ ಎಷ್ಟೋ ದಿನ ನಡೆದಿದ್ದು ಆ ನಿಯಮದ ಮೇಲೆ. ನಮ್ಮ ಮನೆಯೂ.

ಒಡೆದ ಟೊಮ್ಯಾಟೊ

ಆ ವರ್ಷದ ಆಗಸ್ಟ್. ಟೊಮ್ಯಾಟೊ ಕೊಯ್ಲಿನ ಸಮಯ. ಕೊಯ್ದದ್ದನ್ನ ತೊಳೆದು, ಆರಿಸಿ, ಕ್ರೇಟಿಗೆ ತುಂಬಿ, ತೂಕ ಬರೆದಿಡೋದು ಅವತ್ತು ನನ್ನ ಕೆಲಸ. ಇಲ್ಲಿ ಎಲ್ಲ ಪೌಂಡ್ ಲೆಕ್ಕ, ಎರಡು ಪೌಂಡ್ ಅಂದ್ರೆ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಮಳೆ ಬಿದ್ದು ಕೆಲವು ಹಣ್ಣು ತೊಟ್ಟಿನ ಹತ್ತಿರ ಬಿರುಕು ಬಿಟ್ಟಿದ್ದವು. ಒಂದೆರಡಕ್ಕೆ ಹುಳ ಬಾಯಿ ಹಾಕಿತ್ತು. ಅಷ್ಟು ಕಷ್ಟಪಟ್ಟು ಬೆಳೆದದ್ದು, ಪುಕ್ಕಟೆ ಕೊಡೋದು ತಾನೆ ಅಂತ ಅವನ್ನೂ ಕ್ರೇಟಿಗೆ ಹಾಕ್ತಾ ಹೋದೆ.

ಮೇಲ್ವಿಚಾರಕಿ ಬಂದು ಒಂದೊಂದಾಗಿ ಆಚೆ ತೆಗೆದಳು. ಬೈಯಲಿಲ್ಲ. ಒಂದು ಒಡೆದ ಹಣ್ಣು ನನ್ನ ಕೈಗಿಟ್ಟು, “ಅಂಗಡೀಲಿ ದುಡ್ಡು ಕೊಟ್ಟು ಇದನ್ನ ತಗೋತೀಯಾ?” ಅಂದಳು. “ಇಲ್ಲ” ಅಂದೆ. “ಮತ್ತೆ?” ಅಂತ ಕೇಳಿ ಮುಂದಿನ ಕ್ರೇಟಿಗೆ ಹೋದಳು.

ನಾನು ಆ ಹಣ್ಣು ಹಿಡ್ಕೊಂಡು ನಿಂತಿದ್ದೆ. ಯಾಕಂದ್ರೆ ನಮ್ಮ ಮನೆಯ ಲೆಕ್ಕ ಪೂರ್ತಿ ಬೇರೆ. ಅಪ್ಪ ಬಾವಿ ನೀರಲ್ಲಿ ಒಂದು ವರ್ಷ ಟೊಮ್ಯಾಟೊ ಹಾಕಿದ್ದ. ಒಳ್ಳೆ ಹಣ್ಣು ಮಂಡಿಗೆ, ಒಡೆದದ್ದು ನಮ್ಮ ಸಾರಿಗೆ, ಕೊಳೆಯೋಕೆ ಬಂದದ್ದು ಕೇಳಿಕೊಂಡು ಬಂದವರಿಗೆ. (ರೇಟ್ ಬಿದ್ದು, ಕ್ರೇಟಿನ ದುಡ್ಡು ಗಾಡಿ ಬಾಡಿಗೆಗೂ ಸಾಲದೆ, ಕೊನೆಯ ಎರಡು ಕೊಯ್ಲನ್ನ ರಸ್ತೆ ಬದಿಗೆ ಸುರಿದು ಬಂದದ್ದು ಬೇರೆ ಕಥೆ.) ರಾಗಿ ಕಣದಲ್ಲೂ ಅಷ್ಟೆ. ತೂರಿದ ರಾಗಿ ಮನೆಗೆ ಹೋದ ಮೇಲೆ ಕಣ ಗುಡಿಸಿ, ಮಣ್ಣು ಬೆರೆತ ಕಡೆಯ ರಾಗಿಯನ್ನ ಮೊರದಲ್ಲಿ ಎತ್ತಿ ಕೊಡ್ತಿದ್ದರು. ತಗೊಳ್ಳೋರು ಕಣದೊಳಗೆ ಕಾಲಿಡೋ ಹಾಗಿರಲಿಲ್ಲ, ಅಂಚಲ್ಲಿ ನಿಂತು ಸೆರಗೊಡ್ಡಬೇಕಿತ್ತು. ಕೊಡ್ತಿದ್ದೆವು, ನಿಜ. ಅದನ್ನ ದಾನ ಅಂತಾನೂ ಕರೀತಿದ್ದೆವು. ಏನನ್ನ ಕೊಡ್ತಿದ್ದೆವು ಅಂತ ನಾನು ಯೋಚನೆ ಮಾಡಿದ್ದು ಆ ಆಗಸ್ಟ್‌ನಲ್ಲಿ, ಮೊದಲ ಸಲ.

ಅನ್ನದಾನದ ವಿಷಯದಲ್ಲಿ ನಾವು ಕಮ್ಮಿಯೇನಲ್ಲ, ಅದನ್ನೂ ಹೇಳ್ಬೇಕು. ಧರ್ಮಸ್ಥಳ, ಹೊರನಾಡು, ಸಿದ್ಧಗಂಗೆ, ನಮ್ಮ ತಾಲೂಕಿನದೇ ಆದಿಚುಂಚನಗಿರಿ, ಎಲ್ಲಾದ್ರೂ ಹೋಗಿ, ಜಾತಿ ಕೇಳದೆ ಬಿಸಿ ಊಟ ಹಾಕ್ತಾರೆ. ಉಡುಪಿಯ ಪರ್ಯಾಯಕ್ಕೆ ಹೊರೆಕಾಣಿಕೆ ಅಂತ ಲಾರಿಗಟ್ಟಲೆ ತರಕಾರಿ, ಅಕ್ಕಿ, ತೆಂಗಿನಕಾಯಿ ಹೋಗೋದನ್ನ ನೋಡಿದರೆ ಕಣ್ಣು ತುಂಬುತ್ತೆ. ಅಲ್ಲಿ ಯಾರೂ ಕೊಳೆತದ್ದನ್ನ ಕಳಿಸಲ್ಲ, ಯಾಕಂದ್ರೆ ಹೋಗ್ತಿರೋದು ದೇವರ ಹೆಸರಲ್ಲಿ. ಆದ್ರೆ ಮನೆ ಬಾಗಿಲಿಗೆ ಬಂದ ಮನುಷ್ಯನಿಗೆ ನಮ್ಮ ಕೈ ಬೇರೇನೇ ಆರಿಸುತ್ತೆ.

ಇನ್ನೊಂದು ವ್ಯತ್ಯಾಸವೂ ಇದೆ. ಪ್ಯಾಂಟ್ರಿಯಲ್ಲಿ ಸಿಗೋದು ಬೇಯಿಸಿದ ಊಟ ಅಲ್ಲ, ದಿನಸಿ. ಮನೆಗೆ ಒಯ್ದು, ತಮ್ಮ ಒಲೆ ಮೇಲೆ, ತಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು. ಸಾಮಾನ್ಯವಾಗಿ ಪ್ಯಾಂಟ್ರಿಗೆ ಬರೋದು ಕೆಡದ ಪದಾರ್ಥ: ಪಾಸ್ತಾ, ಡಬ್ಬಿಯ ಬೀನ್ಸ್, ಪೀನಟ್ ಬಟರ್. ತಾಜಾ ತರಕಾರಿ ದುಬಾರಿ, ಬೇಗ ಕೆಡುತ್ತೆ. ಇಂಥ ಹೊಲ ಬೇಕಾಗೋದು ಅದಕ್ಕೇ. ಅಮೆರಿಕದಲ್ಲಿ ಬಡವರಾ ಅಂತ ಅವ್ವ ನಕ್ಕಳಲ್ಲ, ಇಲ್ಲಿನ ಕೃಷಿ ಇಲಾಖೆಯ ವರದಿ ಪ್ರಕಾರ 2023ರಲ್ಲಿ ನೂರಕ್ಕೆ 13.5 ಮನೆಗಳಿಗೆ ವರ್ಷದ ಯಾವುದಾದರೊಂದು ಸಮಯದಲ್ಲಿ ಊಟಕ್ಕೆ ಸಾಕಾಗುವಷ್ಟು ಹೊಂದಿಸೋದು ಕಷ್ಟ ಆಗಿತ್ತು. ಆ ಮನೆಗಳಲ್ಲಿದ್ದ ಜನ 4.7 ಕೋಟಿ. ಬಾಡಿಗೆ ಕಟ್ಟಿ, ಕಾರಿನ ಕಂತು ಕಟ್ಟಿ, ಔಷಧಿ ತಗೊಂಡು, ಉಳಿದದ್ದರಲ್ಲಿ ಊಟ.

ಮಂಗಳವಾರ

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ.

2024ರ ಏಪ್ರಿಲ್‌ನಲ್ಲಿ ಒಂದು ವಿಡಿಯೊ ವೈರಲ್ ಆಗಿತ್ತು, ನಿಮಗೆ ನೆನಪಿರಬಹುದು. ಕೆನಡಾದಲ್ಲಿರೋ ಭಾರತೀಯ ಮೂಲದ ಒಬ್ಬ ಹುಡುಗ, ಫುಡ್ ಬ್ಯಾಂಕುಗಳಿಂದ ಪುಕ್ಕಟೆ ದಿನಸಿ ತರೋದು ಹೇಗೆ ಅಂತ ಹೇಳ್ಕೊಟ್ಟಿದ್ದ. ಸಂಬಳ ಇರೋನು ಬಡವರ ಪಾಲು ತಿಂತಿದ್ದಾನೆ ಅಂತ ಎಲ್ಲರೂ ಉಗಿದರು. ನಾನೂ ನಮ್ಮ ಕನ್ನಡ ಗೆಳೆಯರ ಗ್ರೂಪಿಗೆ ಅದನ್ನ ಫಾರ್ವರ್ಡ್ ಮಾಡಿ, “ಇಂಥವರಿಂದಲೇ ನಮ್ಮೆಲ್ಲರ ಮಾನ ಹೋಗೋದು. ಇಂಡಿಯನ್ ಸ್ಟೂಡೆಂಟ್ಸ್ ಎಲ್ಲಾ ಹಿಂಗೇ” ಅಂತ ಬರೆದೆ. ‘ಎಲ್ಲಾ’ ಅಂತ ಬರೆದಿದ್ದೆ. ಇಪ್ಪತ್ತು ಜನ ನಗೋ ಇಮೋಜಿ ಹಾಕಿದರು.

ಸರಿಯಾಗಿ ಎರಡು ತಿಂಗಳಿಗೆ ನನ್ನ ಕೆಲಸ ಹೋಯ್ತು. ಬೆಳಗ್ಗೆ ಕ್ಯಾಲೆಂಡರಲ್ಲಿ ಹೆಸರಿಲ್ಲದ ಹದಿನೈದು ನಿಮಿಷದ ಮೀಟಿಂಗ್, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಲಾಕ್. ಎಚ್‌-1ಬಿ ವೀಸಾದಲ್ಲಿರೋರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ನಮ್ಮ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲಾಂದ್ರೆ ಗಂಟುಮೂಟೆ ಕಟ್ಟಬೇಕು. ಎಂಎಸ್ ಸಾಲ ಇನ್ನೂ ಅರ್ಧ ಉಳಿದಿತ್ತು. ಹೊಲದ ಪತ್ರ ಬ್ಯಾಂಕಲ್ಲಿತ್ತು. ಊರಿಗೆ ಹೇಳಲಿಲ್ಲ.

ದಿನಾ ಬೆಳಗ್ಗೆ ಐದಕ್ಕೆ ಎಚ್ಚರ ಆಗ್ತಿತ್ತು. ಇಪ್ಪತ್ತು ಕಡೆ ಅರ್ಜಿ, ಎರಡು ಕಡೆಯಿಂದ ಉತ್ತರ, ಅದೂ ‘ಕ್ಷಮಿಸಿ’. ಎರಡನೇ ವಾರದಿಂದ ವಾರದ ಮಧ್ಯದಲ್ಲೂ ಹೊಲಕ್ಕೆ ಹೋಗೋಕೆ ಶುರು ಮಾಡಿದೆ. ಮನೆಯಲ್ಲಿ ಕೂತರೆ ತಲೆ ಕೆಡ್ತಿತ್ತು. ಸಂಬಳ ಇಲ್ಲದ ಸೇವೆಗೆ ವೀಸಾ ಅಡ್ಡ ಬರಲ್ಲ ಅಂತ ಕೇಳಿ ಖಚಿತ ಮಾಡ್ಕೊಂಡಿದ್ದೆ. ಸಾಲಿನಲ್ಲಿ ಮಂಡಿಯೂರಿ ಕೂತಾಗ ಒಂದು ಸಮಾಧಾನ ಇತ್ತು. ಅಲ್ಲಿ ಯಾರೂ ಈಗ ಎಲ್ಲಿ ಕೆಲಸ ಮಾಡ್ತಿದ್ದೀಯ ಅಂತ ಕೇಳ್ತಿರಲಿಲ್ಲ. ‘ಈ ಸಾಲು ಮುಗೀತಾ’ ಅಂತ ಮಾತ್ರ ಕೇಳ್ತಿದ್ದರು.

ಒಂದು ದಿನ ಅಭ್ಯಾಸ ಬಲದಲ್ಲಿ ಬೆಳ್ಳುಳ್ಳಿ ಕೀಳ್ತಾ ಅವ್ವನಿಗೆ ವಿಡಿಯೊ ಕಾಲ್ ಮಾಡಿಬಿಟ್ಟೆ. ಗಡ್ಡೆ ದಪ್ಪ ಇದೆ ಅಂತ ತೋರಿಸ್ತಿದ್ದೆ. ಅವ್ವ ಗಡ್ಡೆ ನೋಡಲಿಲ್ಲ.

“ಇವತ್ತು ಮಂಗಳವಾರ ಅಲ್ವೇನ್ಲಾ?”

ನಾನು ಸುಮ್ಮನಿದ್ದೆ. ಮೇಲೆ ಒಂದು ಸಣ್ಣ ವಿಮಾನ ಹೋಯ್ತು, ಅದರ ಸದ್ದು ಮುಗಿಯೋ ತನಕ ಇಬ್ಬರೂ ಮಾತಾಡಲಿಲ್ಲ.

“ಎಷ್ಟು ದಿನ ಆಯ್ತು?”

“ಇಪ್ಪತ್ತೆರಡು.”

“ಉಂಡ್ಯಾ?”

ಅಷ್ಟೇ ಕೇಳಿದ್ದು. ಸಾಲದ ಮಾತಿಲ್ಲ, ಹೊಲದ ಪತ್ರದ ಮಾತಿಲ್ಲ. “ಸೊಪ್ಪು ಸಿಗ್ತದಲ್ಲ ಅಲ್ಲಿ, ತಂದು ಬಸ್ಸಾರು ಮಾಡ್ಕೊ. ಬರಗಾಲದಾಗೇ ಸೊಪ್ಪು ತಿಂದು ಬದುಕಿದೀವಿ” ಅಂದಳು. ಅಪ್ಪ ಫೋನ್ ಇಸ್ಕೊಂಡು, “ವಾಪಸ್ ಬಂದ್ರೆ ಇಲ್ಲೂ ಹೊಲ ಐತೆ ಕಣಪ್ಪ” ಅಂದ. ಅದು ತಮಾಷೆಯೋ, ಸಮಾಧಾನವೋ ಗೊತ್ತಾಗಲಿಲ್ಲ. ಬೆಳ್ಳುಳ್ಳಿ ಘಾಟಿಗೆ ಕಣ್ಣಲ್ಲಿ ನೀರು ಅಂತ ಪಕ್ಕದವರಿಗೆ ಹೇಳಿದೆ. ಅವರು ನಂಬಿದ ಹಾಗೆ ಮಾಡಿದರು.

ಮೇಜಿನ ಆ ಕಡೆ

ಜುಲೈ ಕೊನೆಯಲ್ಲಿ, ನಾನಿರೋ ಊರಿನ ಹತ್ತಿರದ ಒಂದು ಪ್ಯಾಂಟ್ರಿಯಲ್ಲಿ ಸಂಜೆ ಹೊತ್ತು ಜನ ಬೇಕು ಅಂತ ಗೊತ್ತಾಗಿ ಅಲ್ಲಿಗೂ ಹೋದೆ. ತರಕಾರಿ ಮೇಜಿನ ಹಿಂದೆ ನಿಲ್ಲೋದು ನನ್ನ ಕೆಲಸ. ಬಂದವರು ಸಂತೆಯಲ್ಲಿ ಆರಿಸೋ ಹಾಗೆ ತಮಗೆ ಬೇಕಾದ್ದನ್ನ ಆರಿಸಿಕೊಳ್ಳಬಹುದು. ಸಾಲಲ್ಲಿ ನಿಂತವರನ್ನ ನೋಡಿದೆ. ಆಸ್ಪತ್ರೆಯ ಸಮವಸ್ತ್ರದಲ್ಲೇ ಶಿಫ್ಟ್ ಮುಗಿಸಿ ಬಂದ ಹೆಂಗಸು. ಚಕ್ರದ ಚೀಲ ಎಳ್ಕೊಂಡು ಬಂದ ಅಜ್ಜಿ, ಟೊಮ್ಯಾಟೊವನ್ನ ನಮ್ಮವ್ವನ ಥರಾನೇ ಮೂಗಿಗೆ ಹಿಡಿದು ನೋಡ್ತಿದ್ದಳು. ಮಗುವನ್ನ ಭುಜದ ಮೇಲೆ ಮಲಗಿಸಿಕೊಂಡಿದ್ದ ಅಪ್ಪ. ಬಸ್ ಸ್ಟಾಪಲ್ಲಿ ಸಿಕ್ಕಿದ್ದರೆ ಇವರಿಗೆ ಕಷ್ಟ ಇದೆ ಅಂತ ನಿಮಗಾಗಲೀ ನನಗಾಗಲೀ ಗೊತ್ತಾಗ್ತಿರಲಿಲ್ಲ.

ರೂಮ್‌ಮೇಟಿನ ಗೆಳೆಯನೊಬ್ಬ ಮೈಸೂರಿನವನು, ಅವನ ಫೋನ್ ಬಂತು. “ಬರ್ತಾ ಹಾಲು ತಗೊಂಡ್ ಬಾ ಮಗಾ” ಅಂದೆ. ಸಾಲಲ್ಲಿದ್ದ ಒಬ್ಬ ಹುಡುಗ ಚಕ್ ಅಂತ ತಲೆ ಎತ್ತಿದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬೇಕು. ಬೆನ್ನಿಗೆ ಕಾಲೇಜು ಬ್ಯಾಗ್. ತಕ್ಷಣ ತಲೆ ತಗ್ಗಿಸಿ ಸಾಲು ಬಿಟ್ಟು ಹೊರಟ. ನಾನು ಏನೂ ಯೋಚಿಸದೆ, “ತಮ್ಮಾ, ಬಾರೋ. ಸೊಪ್ಪು ಚೆನ್ನಾಗಿದೆ” ಅಂದುಬಿಟ್ಟೆ.

ನಿಂತ. ವಾಪಸ್ ಬಂದ. ಏನು ಮಾತಾಡೋದು ಅಂತ ಇಬ್ಬರಿಗೂ ಗೊತ್ತಿಲ್ಲ. ಕೇಲ್ ಸೊಪ್ಪಿನ ಕಟ್ಟು ಎತ್ತಿ ಕೈಗೆ ಕೊಟ್ಟೆ. “ಇದನ್ನ ಏನು ಮಾಡೋದು ಅಣ್ಣ, ಒರಟು ಇರುತ್ತಲ್ಲ?” ಅಂದ. “ದಂಟು ತೆಗೆದು, ಎಲೆ ಸಣ್ಣಗೆ ಹೆಚ್ಚಿ, ಬೇಳೆ ಜೊತೆ ಎರಡು ವಿಜಲ್ ಹೆಚ್ಚು ಕೂಗ್ಸು. ಬಸ್ಸಾರಿಗೆ ಆಗುತ್ತೆ” ಅಂದೆ. ಬೀಟ್‌ರೂಟ್ ಕೊಟ್ಟೆ, ಬೆಳ್ಳುಳ್ಳಿ ಕೊಟ್ಟೆ. ನಾನೇ ಆ ಮಂಗಳವಾರ ಕಿತ್ತಂಥದ್ದೇ ಬೆಳ್ಳುಳ್ಳಿ. ಟೊಮ್ಯಾಟೊ ಆರಿಸೋವಾಗ ಒಂದೂ ಒಡೆದದ್ದು ಕಾಣಲಿಲ್ಲ.

ಆಚೆ ಬಂದ ಮೇಲೆ ಹತ್ತು ನಿಮಿಷ ಮಾತಾಡಿದೆವು. ವಿದ್ಯಾರ್ಥಿ ವೀಸಾ ಇರೋರು ಸಾಮಾನ್ಯವಾಗಿ ಕ್ಯಾಂಪಸ್ ಒಳಗೆ ಮಾತ್ರ ಕೆಲಸ ಮಾಡಬಹುದು, ಅದೂ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ. ಅವನಿಗೆ ಲೈಬ್ರರಿಯಲ್ಲಿದ್ದ ಕೆಲಸ ಬೇಸಿಗೆ ರಜೆಗೆ ನಿಂತುಹೋಗಿತ್ತು. ಬಾಡಿಗೆ ನಿಲ್ಲಲ್ಲವಲ್ಲ. ಎರಡು ತಿಂಗಳಿಂದ ಅನ್ನ, ಉಪ್ಪಿನಕಾಯಿ, ಮೊಟ್ಟೆ. ಮನೆಗೆ ಹೇಳಿಲ್ಲ, ಅಪ್ಪನಿಗೆ ಬಿಪಿ. ಹೊರಡೋವಾಗ ಕೇಳಿದ:

“ಅಣ್ಣಾ, ನೀವು ಕನ್ನಡ ಕೂಟದ ಗ್ರೂಪಲ್ಲಿ ಇದೀರಾ? ಯಾರಿಗೂ ಹೇಳ್ಬೇಡಿ. ಏಪ್ರಿಲ್‌ನಲ್ಲಿ ಆ ವಿಡಿಯೊ ಬಂದಾಗ ಎಲ್ಲರೂ ಏನೇನೋ ಬರೆದಿದ್ದರು.”

ನಾನೂ ಬರೆದಿದ್ದೆ ಅಂತ ಅವನಿಗೆ ಹೇಳೋ ಧೈರ್ಯ ಅವತ್ತು ಆಗಲಿಲ್ಲ. ಕೆಲಸ ಹೋಗಿದೆ ಅಂತ ಮಾತ್ರ ಹೇಳಿದೆ. ಅವನ ಮುಖದಲ್ಲಿ ಗಾಬರಿ ಕಾಣಿಸ್ತು, ಆಮೇಲೆ, ಸುಳ್ಳು ಯಾಕೆ, ಸ್ವಲ್ಪ ನಿರಾಳವೂ ಕಾಣಿಸ್ತು. ಆಗ ಇನ್ನೊಂದು ಮಾತೂ ಬಂತು. ಇಲ್ಲಿಗೆ ಬಂದ ಮೇಲೆ ಯಾರ ಹತ್ತಿರವೂ ಆಡದ ಮಾತು. ನಾನು ಸರ್ಕಾರಿ ಶಾಲೆಯಲ್ಲಿ ಓದುವಾಗ, 2003ರಲ್ಲಿ ನಮ್ಮ ಜಿಲ್ಲೆಗೂ ಬಿಸಿಯೂಟ ಬಂತು. ಮನೆಯಿಂದ ತಟ್ಟೆ ಒಯ್ದು ಸಾಲಲ್ಲಿ ಕೂರ್ತಿದ್ದೆವು. ಮಳೆ ಇಲ್ಲದ ಆ ವರ್ಷ ನನಗೆ ದಿನದ ಹೊಟ್ಟೆತುಂಬ ಊಟ ಅದೇ. ಸಾಂಬಾರಲ್ಲಿ ತರಕಾರಿ ಹುಡುಕೋದು ನಮ್ಮ ಆಟ. ಕುಂಬಳಕಾಯಿ ಹೋಳು ಸಿಕ್ಕಿದವನು ಗೆದ್ದ ಹಾಗೆ. ಪುಕ್ಕಟೆ ಊಟ ತಿಂದೇ ಇಂಜಿನಿಯರ್ ಆದವನು, ಪುಕ್ಕಟೆ ದಿನಸಿ ತಗೊಂಡವರಿಗೆ ‘ಎಲ್ಲಾ ಹಿಂಗೇ’ ಅಂತ ಬರೆದಿದ್ದೆ.

“ನಾನೂ ಬಿಸಿಯೂಟದ ಗಿರಾಕೀನೇ ಅಣ್ಣ” ಅಂದ ಹುಡುಗ. “ನಮ್ಮ ಶಾಲೇಲಿ ಗುರುವಾರ ಬಿಸಿಬೇಳೆ ಬಾತ್.”

ಮನೆಗೆ ಬಂದು ಗ್ರೂಪಲ್ಲಿ ಆ ಮೆಸೇಜ್ ಹುಡುಕಿ ಡಿಲೀಟ್ ಮಾಡೋಕೆ ನೋಡಿದೆ. ಎರಡು ದಿನ ದಾಟಿದ್ದರೆ ಎಲ್ಲರಿಗೂ ಅಳಿಸೋಕೆ ವಾಟ್ಸ್‌ಆ್ಯಪ್ ಬಿಡಲ್ಲ. ಆಗಲೇ ಮೂರು ತಿಂಗಳಾಗಿತ್ತು. ನನ್ನ ಫೋನಿಂದ ಮಾತ್ರ ಅಳಿಸಬಹುದಿತ್ತು. ಬಿಟ್ಟೆ. ಅದರ ಕೆಳಗೇ ರಿಪ್ಲೈ ಹಾಕಿದೆ: “ಇದನ್ನ ಬರೆದವನು ನಾನು, ತಪ್ಪು ಬರೆದಿದ್ದೆ. ನನಗೆ ಕೆಲಸ ಹೋಗಿ 47 ದಿನ ಆಯ್ತು. ಯಾರಿಗಾದ್ರೂ ದಿನಸಿಗೆ ಕಷ್ಟ ಇದ್ದರೆ ಪ್ಯಾಂಟ್ರಿ ಎಲ್ಲಿದೆ ಅಂತ ಹೇಳ್ತೀನಿ, ಬೇರೆಯವರಿಗೆ ಹೇಳಲ್ಲ.” ಗ್ರೂಪಲ್ಲಿ ಯಾರೂ ಏನೂ ಬರೆಯಲಿಲ್ಲ. ಆದ್ರೆ ಆ ವಾರ ಪ್ರತ್ಯೇಕವಾಗಿ ನಾಲ್ಕು ಮೆಸೇಜ್ ಬಂದವು. ಮೂರು ವಿದ್ಯಾರ್ಥಿಗಳದ್ದು. ನಾಲ್ಕನೆಯದು ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರದ್ದು, ಎರಡು ಮಕ್ಕಳಿರೋರು. ಏಪ್ರಿಲ್‌ನಲ್ಲಿ ಅವರೂ ನಗೋ ಇಮೋಜಿ ಹಾಕಿದ್ದರು.

52ನೇ ದಿನ ನನಗೆ ಕೆಲಸ ಸಿಕ್ತು. ಸಂಬಳ ಮೊದಲಿಗಿಂತ ಕಡಿಮೆ, ಆಫೀಸು ದೂರ. ವೀಸಾ ಅರ್ಜಿ ಗಡುವಿನೊಳಗೆ ಹೋಯ್ತು. ಶನಿವಾರದ ಹೊಲ ಬಿಟ್ಟಿಲ್ಲ.

ಅಕ್ಟೋಬರ್‌ನಲ್ಲಿ ಬೆಳ್ಳುಳ್ಳಿ ಹಾಕ್ತಾರೆ. ಚಳಿಗೆ ಮುಂಚೆ ಎಸಳು ಊರಿ, ಮೇಲೆ ಒಣಹುಲ್ಲು ಮುಚ್ಚಿ ಬಿಟ್ಟರೆ, ಹಿಮದ ಕೆಳಗೆ ಮಲಗಿದ್ದು ಮುಂದಿನ ಜುಲೈಗೆ ಗಡ್ಡೆ ಆಗುತ್ತೆ. ಆ ಶನಿವಾರ ಹುಡುಗನೂ ಬಂದಿದ್ದ. ಬರೋಕೆ ಮುಂಚೆ, ಕಾರಿನಲ್ಲಿ, ಏಪ್ರಿಲ್‌ನಲ್ಲಿ ಬರೆದವರಲ್ಲಿ ನಾನೂ ಒಬ್ಬ ಅಂತ ಕೊನೆಗೂ ಹೇಳಿದೆ. “ಗೊತ್ತು ಅಣ್ಣ, ನಿಮ್ಮ ರಿಪ್ಲೈಯನ್ನ ನನ್ನ ರೂಮಿನವನು ತೋರಿಸಿದ್ದ” ಅಂದು ಕಿಟಕಿ ಕಡೆ ತಿರುಗಿಕೊಂಡ. ಹೊಲ ಬರೋ ತನಕ ಇಬ್ಬರೂ ಮಾತಾಡಲಿಲ್ಲ.

ಮಡಿಯ ಮುಂದೆ ಕೂತು ಅವ್ವನಿಗೆ ಕಾಲ್ ಮಾಡಿದೆ. ಅವ್ವ ನಮ್ಮಿಬ್ಬರ ಕೈಯನ್ನೇ ನೋಡ್ತಿದ್ದಳು. “ತಲೆ ಮೇಲ್ಕಡೆ ಬರ್ಬೇಕು ಕಣ್ರಲಾ, ಮಕಾಡೆ ಊರ್ತಾ ಇದೀರಲ್ಲ” ಅಂತ ಬೈದಳು. ಹುಡುಗ ತಾನು ಊರಿದ್ದನ್ನೆಲ್ಲ ಕಿತ್ತು ಮತ್ತೆ ಸರಿಯಾಗಿ ಊರೋಕೆ ಶುರು ಮಾಡಿದ. ಅವ್ವ ಫೋನನ್ನ ಮುಖದ ಹತ್ತಿರ ತಂದು, ಅವನಿಗೆ ಕೇಳಬಾರದು ಅನ್ನೋ ಹಾಗೆ, ಆದ್ರೆ ಹೊಲಕ್ಕೆಲ್ಲ ಕೇಳೋ ಹಾಗೆ ಅಂದಳು:

“ಯಾರ್ಲಾ ಆ ಮಗ? ಒಣಗ್ಹೋಗವ್ನೆ. ಉಂಡ್ನಾ ಕೇಳು.”